ಸೂರ್ಯನ ನ್ಯೂಟ್ರಿನೊ ಎಣಿಸುವುದು: ಲೆಕ್ಕ, ತೊಟ್ಟಿ, ಶುಚಿ

ಹೆಬ್ಬೆರಳ ಉಗುರಿನಷ್ಟು ಜಾಗವನ್ನು ಸೂರ್ಯನ ನ್ಯೂಟ್ರಿನೊಗಳು, ಅಂದರೆ ಯಾವುದಕ್ಕೂ ಬಹುತೇಕ ತಾಗದೆ ಸಾಗುವ ಅತಿಸಣ್ಣ ಕಣಗಳು, ಸೆಕೆಂಡಿಗೆ ಸುಮಾರು 6,500 ಕೋಟಿಯಂತೆ ಹಾದುಹೋಗುತ್ತಿರುತ್ತವೆ. ರಾತ್ರಿಯೂ ಅಷ್ಟೇ, ಆಗ ಭೂಮಿಯನ್ನು ತೂರಿಕೊಂಡು ಕಾಲಡಿಯಿಂದ ಬರುತ್ತವೆ. ಈಗ ಒಂದು ಕಿಲೊ ಸಿಂಟಿಲೇಟರ್ ದ್ರವವನ್ನು, ಅಂದರೆ ವಿಕಿರಣ ತಾಗಿದರೆ ಮಿನುಗುವ ಎಣ್ಣೆಯನ್ನು, ಮೇಜಿನ ಮೇಲಿಟ್ಟು ಕಾಯಿರಿ. ಸೂರ್ಯನೊಳಗಿನ ಬೆರಿಲಿಯಂ ಕ್ರಿಯೆಯಿಂದ ಹೊರಟ ನ್ಯೂಟ್ರಿನೊ ಒಂದು ಅದರೊಳಗಿನ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆಯಲು ಸರಾಸರಿ ಐದೂಮುಕ್ಕಾಲು ವರ್ಷ ಬೇಕು. ಅಷ್ಟರಲ್ಲಿ ನೂರು ಚದರ ಸೆಂಟಿಮೀಟರ್ ಬಾಯಿಯ ಆ ಪಾತ್ರೆಯನ್ನು ಮೂವತ್ತು ಕೋಟಿ ಮ್ಯೂಆನ್‌ಗಳು, ಅಂದರೆ ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿ ಕೆಳಗಿಳಿಯುವ ಕಣಗಳು, ತೂರಿ ಹೋಗಿರುತ್ತವೆ. ದ್ರವದೊಳಗಿನ, ಗಾಜಿನೊಳಗಿನ ಸಹಜ ವಿಕಿರಣದ ಲೆಕ್ಕ ಬೇರೆ.

ಆದ್ದರಿಂದ ಈ ಕೆಲಸದ ಮುಕ್ಕಾಲು ಪಾಲು ತೊಳೆಯುವುದು, ಸೋಸುವುದು, ಮುಚ್ಚುವುದು. ನ್ಯೂಟ್ರಿನೊ ತಾನಾಗಿ ಬರುತ್ತದೆ. ಅದು ಬಂದಾಗ ತೊಟ್ಟಿ ಸುಮ್ಮನಿರಬೇಕು.

ಮೊದಲು ಯಾವುದು ಬೇಕೆಂದು ತೀರ್ಮಾನಿಸಿ

ಸೂರ್ಯನ ಒಡಲಲ್ಲಿ ನಾಲ್ಕು ಪ್ರೋಟಾನ್ ಸೇರಿ ಒಂದು ಹೀಲಿಯಂ ಆಗುವಾಗ ಎರಡು ನ್ಯೂಟ್ರಿನೊ ಹೊರಬೀಳುತ್ತವೆ. ಯಾವ ಮೆಟ್ಟಿಲಲ್ಲಿ ಹುಟ್ಟಿತು ಎಂಬುದರ ಮೇಲೆ ಅದರ ಶಕ್ತಿ ನಿಂತಿದೆ. ಎರಡು ಪ್ರೋಟಾನ್ ಕೂಡುವ ಮೊದಲ ಮೆಟ್ಟಿಲಿನವು, ಅಂದರೆ ಪಿಪಿ ನ್ಯೂಟ್ರಿನೊಗಳು, ಒಟ್ಟು ಸಂಖ್ಯೆಯಲ್ಲಿ ಶೇ 90ಕ್ಕೂ ಹೆಚ್ಚು. ಆದರೆ ಅವುಗಳ ಶಕ್ತಿ 0.42 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ದಾಟುವುದಿಲ್ಲ. ಬೆರಿಲಿಯಂ-7ರವು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 500 ಕೋಟಿ. ಅವುಗಳಲ್ಲಿ ಹತ್ತಕ್ಕೆ ಒಂಬತ್ತು 0.862 ಎಂಇವಿ ಎಂಬ ಒಂದೇ ಶಕ್ತಿಯವು. ಬೋರಾನ್-8ರವು ಬರೀ 50 ಲಕ್ಷ, ಆದರೆ 15 ಎಂಇವಿವರೆಗೂ ಏರುತ್ತವೆ. ಇಂಗಾಲ, ಸಾರಜನಕ, ಆಮ್ಲಜನಕಗಳ ಸುತ್ತಿನಿಂದ ಬರುವ ಸಿಎನ್‌ಒ ನ್ಯೂಟ್ರಿನೊಗಳು ಸುಮಾರು 1.7 ಎಂಇವಿಗೆ ನಿಲ್ಲುತ್ತವೆ.

ಉಪಾಯ ಈ ಆಯ್ಕೆಯ ಹಿಂದೆಯೇ ಬರುತ್ತದೆ. ಬೋರಾನ್ ಸಾಕೆಂದರೆ ನೀರು ಸಾಕು, ಆದರೆ ಸಾವಿರಾರು ಟನ್ ಬೇಕು. ಬೆರಿಲಿಯಂ ಬೇಕೆಂದರೆ ಸಿಂಟಿಲೇಟರ್. ಪಿಪಿ ಬೇಕೆಂದರೆ ಗ್ಯಾಲಿಯಂ, ಇಲ್ಲವೇ ಊಹಿಸಲೂ ಕಷ್ಟವಾದಷ್ಟು ಶುದ್ಧವಾದ ಸಿಂಟಿಲೇಟರ್. ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಹಿಡಿಯುತ್ತೇವೆಂದು ಹೊರಟರೆ ಯಾವುದೂ ನೆಟ್ಟಗೆ ಸಿಗುವುದಿಲ್ಲ.

ತೊಟ್ಟಿಯ ಗಾತ್ರದ ಲೆಕ್ಕ

ಗುರಿವಸ್ತುವಿನ ಒಂದು ಪರಮಾಣು ಸೆಕೆಂಡಿಗೆ 10⁻³⁶ ಬಾರಿ ನ್ಯೂಟ್ರಿನೊ ಹಿಡಿದರೆ ಅದನ್ನು ಒಂದು ಎಸ್‌ಎನ್‌ಯು ಎನ್ನುತ್ತಾರೆ. ಅಮೆರಿಕದ ಸೌತ್ ಡಕೋಟದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ಸುಮಾರು 1,480 ಮೀಟರ್ ಆಳದಲ್ಲಿ, ವಿಜ್ಞಾನಿ ರೇ ಡೇವಿಸ್ ಇಟ್ಟಿದ್ದ ತೊಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಒಳಗೆ 615 ಟನ್ ಪರ್‌ಕ್ಲೋರೋಎಥಿಲೀನ್; ಬಟ್ಟೆಗಳ ಡ್ರೈಕ್ಲೀನಿಂಗ್‌ಗೆ ಬಳಸುವ ದ್ರವವೇ ಅದು. ಅದರ ಅಣುತೂಕ 165.8, ಒಂದು ಅಣುವಿಗೆ ನಾಲ್ಕು ಕ್ಲೋರಿನ್, ಅದರಲ್ಲಿ ಶೇ 24ರಷ್ಟು ಕ್ಲೋರಿನ್-37. ಗುಣಿಸಿದರೆ 2.2×10³⁰ ಗುರಿ ಪರಮಾಣುಗಳು. ಅಲ್ಲಿ ಅಳೆದ ದರ 2.56 ಎಸ್‌ಎನ್‌ಯು. ಇದನ್ನು ಪರಮಾಣುಗಳ ಸಂಖ್ಯೆಯಿಂದಲೂ ದಿನದ 86,400 ಸೆಕೆಂಡುಗಳಿಂದಲೂ ಗುಣಿಸಿ: ದಿನಕ್ಕೆ 0.48 ಪರಮಾಣು. 615 ಟನ್ನಿಗೆ ಎರಡು ದಿನಕ್ಕೊಂದು.

ನ್ಯೂಟ್ರಿನೊ ಹಿಡಿದ ಕ್ಲೋರಿನ್-37 ಆರ್ಗಾನ್-37 ಆಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಕ್ಷಯಿಸಿ ಅರ್ಧವಾಗಲು ಹಿಡಿಯುವ ಕಾಲ, 35 ದಿನ. ಕಾಯುತ್ತಾ ಹೋದರೆ ರಾಶಿ ಬೆಳೆಯುವುದಿಲ್ಲ. ಹುಟ್ಟಿದಷ್ಟೇ ಸಾಯುವ ಹಂತ ಬಂದಾಗ ತೊಟ್ಟಿಯಲ್ಲಿ ಇರುವುದು ಸುಮಾರು 24 ಪರಮಾಣು. ಎರಡು ತಿಂಗಳಿಗೆ ಅದರ ಶೇ 70, ಅಂದರೆ 17ರ ಆಸುಪಾಸು. ಅದಕ್ಕಿಂತ ಹೆಚ್ಚು ಕಾದರೆ ಲಾಭ ಕಡಿಮೆ. ಎರಡು ತಿಂಗಳಿಗೊಮ್ಮೆ ಬಸಿಯುವ ಪದ್ಧತಿ ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಹದಿನೇಳು ಪರಮಾಣುಗಳನ್ನು ಹೊರತೆಗೆಯುವುದು

ನಂಬಲು ಕಷ್ಟ, ಆದರೆ ಇಲ್ಲಿನ ರಸಾಯನಶಾಸ್ತ್ರ ಸರಳ. ಆರ್ಗಾನ್ ಯಾವುದಕ್ಕೂ ಅಂಟಿಕೊಳ್ಳದ ಅನಿಲ, ಹೀಗಾಗಿ ಹೀಲಿಯಂ ಗುಳ್ಳೆಗಳ ಜತೆ ಹೊರಬರುತ್ತದೆ. ಕಾಯುವಿಕೆ ಶುರುವಾಗುವ ಮೊದಲೇ ಸುಮಾರು 0.1 ಸಿಸಿ ವಿಕಿರಣವಿಲ್ಲದ ಆರ್ಗಾನ್-36 ಅಥವಾ 38ನ್ನು ದ್ರವಕ್ಕೆ ಬೆರೆಸಿ. ಇದು ಸಾಕ್ಷಿ. ಕೊನೆಗೆ ಇದರಲ್ಲಿ ಎಷ್ಟು ವಾಪಸು ಬಂತು ಎಂದು ಅಳೆದರೆ ಆರ್ಗಾನ್-37 ಎಷ್ಟು ಬಂದಿರಬೇಕು ಎಂಬುದು ತಿಳಿಯುತ್ತದೆ. ಸುಮಾರು 20 ತಾಸು ಹೀಲಿಯಂ ಹಾಯಿಸಿದರೆ ಶೇ 95ರಷ್ಟು ಬರಬೇಕು. ಬರದಿದ್ದರೆ ಆ ಸರದಿಯನ್ನು ಸೂರ್ಯನ ತಲೆಗೆ ಕಟ್ಟಬೇಡಿ, ಪಂಪು ನೋಡಿ.

ಹೊರಬಂದ ಅನಿಲವನ್ನು ತಂಪಿಸಿ ದ್ರವದ ಆವಿಯನ್ನು ಬೇರ್ಪಡಿಸಿ, ದ್ರವ ಸಾರಜನಕದಲ್ಲಿ ಮುಳುಗಿಸಿದ ಇದ್ದಿಲಿನ ಮೇಲೆ ಹಾಯಿಸಿ. ಆರ್ಗಾನ್ ಇದ್ದಿಲಿಗೆ ಅಂಟುತ್ತದೆ, ಹೀಲಿಯಂ ಮುಂದೆ ಹೋಗುತ್ತದೆ. ಆಮೇಲೆ ಇದ್ದಿಲನ್ನು ಬಿಸಿಮಾಡಿ ಬಿಡಿಸಿ, ಕಾಯಿಸಿದ ಟೈಟಾನಿಯಂ ಮೇಲೆ ಹಾಯಿಸಿ ಉಳಿದ ಕಸ ತೆಗೆಯಿರಿ. ಅನಿಲ ಕ್ರೊಮಟೋಗ್ರಫಿಯಿಂದ ಕ್ರಿಪ್ಟಾನ್, ರೇಡಾನ್ ಬೇರೆ ಮಾಡಿ. ಕೊನೆಗೆ ಸ್ವಲ್ಪ ಮೀಥೇನ್ ಸೇರಿಸಿ, ಅರ್ಧ ಸಿಸಿಯಷ್ಟೇ ಹಿಡಿಯುವ ಪುಟ್ಟ ಪ್ರೊಪೋರ್ಷನಲ್ ಕೌಂಟರಿಗೆ (ಅನಿಲದೊಳಗಿನ ವಿಕಿರಣ ಎಣಿಸುವ ಕೊಳವೆಗೆ) ತುಂಬಿ ತಿಂಗಳುಗಟ್ಟಲೆ ಎಣಿಸಿ. ಆರ್ಗಾನ್-37 ಕ್ಷಯಿಸುವಾಗ 2.82 ಕೆಇವಿಯ (ಸಾವಿರ ಕೆಇವಿ ಸೇರಿದರೆ ಒಂದು ಎಂಇವಿ) ಎಲೆಕ್ಟ್ರಾನ್ ಬಿಡುತ್ತದೆ. ಅದು ಒಂದೇ ಬಿಂದುವಿನಲ್ಲಿ ಚಾರ್ಜ್ ಸುರಿಯುವುದರಿಂದ ಸಂಕೇತ ಚುರುಕಾಗಿ ಏರುತ್ತದೆ. ಉದ್ದಕ್ಕೆ ಗೆರೆ ಎಳೆದಂತೆ ಹೋಗುವ ಬೀಟಾ ಕಣದ ಸಂಕೇತ ನಿಧಾನಕ್ಕೆ ಏರುತ್ತದೆ. ಶಕ್ತಿಯ ಜತೆ ಏರುವ ವೇಗವನ್ನೂ ದಾಖಲಿಸದಿದ್ದರೆ ಇವೆರಡನ್ನು ಬೇರೆಮಾಡಲು ಆಗುವುದಿಲ್ಲ.

ಕೆಡುವುದು ಎಲ್ಲಿ? ಬಂಡೆಯಿಂದ ಬರುವ ವೇಗದ ನ್ಯೂಟ್ರಾನ್ ಒಂದು ಪ್ರೋಟಾನನ್ನು ಒದ್ದರೆ, ಆ ಪ್ರೋಟಾನ್ ಕ್ಲೋರಿನ್-37ನ್ನು ಆರ್ಗಾನ್-37 ಮಾಡಿಬಿಡುತ್ತದೆ. ನ್ಯೂಟ್ರಿನೊ ಮಾಡಿದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ತೊಟ್ಟಿಯ ಸುತ್ತ ನೀರು ನಿಲ್ಲಿಸಿ ನ್ಯೂಟ್ರಾನ್‌ಗಳನ್ನು ತಡೆಯಬೇಕು.

ಗ್ಯಾಲಿಯಂ ದಾರಿಯೂ ಇದೇ ಧಾಟಿ. ಅದರ ಹೊಸ್ತಿಲು, ಅಂದರೆ ನ್ಯೂಟ್ರಿನೊಗೆ ಇರಬೇಕಾದ ಕನಿಷ್ಠ ಶಕ್ತಿ, 0.233 ಎಂಇವಿ, ಹಾಗಾಗಿ ಪಿಪಿ ನ್ಯೂಟ್ರಿನೊಗಳೂ ಸಿಗುತ್ತವೆ. ಇಟಲಿಯ ಗ್ರಾನ್ ಸಾಸೊದಲ್ಲಿ ಗ್ಯಾಲೆಕ್ಸ್ ಪ್ರಯೋಗ 30 ಟನ್ ಗ್ಯಾಲಿಯಂ ಇರುವ ಆಮ್ಲೀಯ ಕ್ಲೋರೈಡ್ ದ್ರಾವಣ ಬಳಸಿತು. ರಷ್ಯಾದ ಬಕ್ಸಾನ್‌ನಲ್ಲಿ ಸೇಜ್ ಸುಮಾರು 50 ಟನ್ ಲೋಹವನ್ನೇ ಕರಗಿಸಿಟ್ಟುಕೊಂಡಿತು. ಹುಟ್ಟುವ ಜರ್ಮೇನಿಯಂ-71ರ ಅರ್ಧಾಯುಷ್ಯ 11.4 ದಿನ, ಆದ್ದರಿಂದ ಮೂರು ನಾಲ್ಕು ವಾರಕ್ಕೊಮ್ಮೆ ಬಸಿಯಬೇಕು. ಸುಮಾರು 130 ಎಸ್‌ಎನ್‌ಯು ನಿರೀಕ್ಷೆಗೆ ಸಿಕ್ಕಿದ್ದು 70ರ ಸುತ್ತಮುತ್ತ. ಇಂಥ ಕೊರತೆ ಕಂಡಾಗ ಮೊದಲ ಅನುಮಾನ ನಿಮ್ಮ ಬಸಿಯುವಿಕೆಯ ಮೇಲೇ ಬೀಳುತ್ತದೆ. ಅದಕ್ಕೆ ಎರಡೂ ಕಡೆ ಬಲವಾದ ಕ್ರೋಮಿಯಂ-51 ಮೂಲವನ್ನು ಗ್ಯಾಲಿಯಂ ನಡುವೆ ಇಟ್ಟು, ಗೊತ್ತಿರುವಷ್ಟು ನ್ಯೂಟ್ರಿನೊ ಸುರಿಸಿ, ಪರೀಕ್ಷಿಸಿದರು. ಇಂಥದ್ದೊಂದು ಒರೆಗಲ್ಲಿಲ್ಲದೆ ಅಂಕಿ ಪ್ರಕಟಿಸಬಾರದು.

ಎಷ್ಟು ಆಳ

ನೆಲದ ಮೇಲೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದು ಮ್ಯೂಆನ್. ಗ್ರಾನ್ ಸಾಸೊ ಬೆಟ್ಟದಡಿ ಅದು ಚದರ ಮೀಟರಿಗೆ ತಾಸಿಗೆ ಒಂದರಷ್ಟಕ್ಕೆ ಇಳಿಯುತ್ತದೆ. ಕೆನಡದ ಸಡ್ಬರಿ ಬಳಿಯ ಕ್ರೈಟನ್ ಗಣಿಯಲ್ಲಿ, ಎರಡು ಕಿಲೊಮೀಟರ್ ಕೆಳಗೆ, ಎಸ್‌ಎನ್‌ಒ ಎಂಬ ನ್ಯೂಟ್ರಿನೊ ಪ್ರಯೋಗದ ತೊಟ್ಟಿಗೆ ಇಡೀ ದಿನಕ್ಕೆ ಎಪ್ಪತ್ತರಷ್ಟು. ಮ್ಯೂಆನ್ ಹಾದದ್ದು ಗೊತ್ತಾಗದೇ ಇರುವುದಿಲ್ಲ, ಅದು ದೊಡ್ಡ ಬೆಳಕು ಮಾಡುತ್ತದೆ. ತೊಂದರೆ ಅದು ಬಿಟ್ಟುಹೋಗುವ ಚೂರುಗಳದು. ನೀರಿನಲ್ಲಿ ಆಮ್ಲಜನಕ ಒಡೆದು ಸಾರಜನಕ-16, ಬೋರಾನ್-12 ಮುಂತಾದವು ಹುಟ್ಟುತ್ತವೆ, ಸಿಂಟಿಲೇಟರಿನಲ್ಲಿ ಇಂಗಾಲ-11. ಇಂಗಾಲ-11ರ ಅರ್ಧಾಯುಷ್ಯ 20 ನಿಮಿಷ. ಮ್ಯೂಆನ್ ಹೋದ ಮೇಲೆ ಅಷ್ಟು ಹೊತ್ತು ಇಡೀ ತೊಟ್ಟಿಯನ್ನು ಕುರುಡು ಮಾಡಲು ಆಗುವುದಿಲ್ಲ. ಬದಲಿಗೆ ಮ್ಯೂಆನ್ ದಾರಿ, ಅದರ ಹಿಂದೆಯೇ ನ್ಯೂಟ್ರಾನ್ ಸೆರೆಯಾದಾಗ ಹೊಳೆಯುವ 2.2 ಎಂಇವಿ, ಈ ಎರಡೂ ಸೇರುವ ಜಾಗದ ಸುತ್ತ ಮಾತ್ರ ಒಂದು ಗೋಳ ಕತ್ತರಿಸಿ, ಅಷ್ಟನ್ನು ಒಂದೆರಡು ತಾಸು ಬದಿಗಿಡಿ.

ನೀರಿನ ತೊಟ್ಟಿ

ಜಪಾನಿನ ಸೂಪರ್-ಕಮಿಯೋಕಾಂಡೆ ಇದರ ಮಾದರಿ: 50,000 ಟನ್ ನೀರು, ಒಳಗೋಡೆಗೆ 20 ಇಂಚಿನ ಸುಮಾರು 11,000 ಫೋಟೋಮಲ್ಟಿಪ್ಲೈಯರ್ ಕೊಳವೆಗಳು, ಅಂದರೆ ಮಂದ ಬೆಳಕನ್ನೂ ವಿದ್ಯುತ್ ಮಿಡಿತವಾಗಿಸುವ ಪಿಎಂಟಿಗಳು. ನ್ಯೂಟ್ರಿನೊ ಒದ್ದ ಎಲೆಕ್ಟ್ರಾನ್ ನೀರಿನಲ್ಲಿ ಬೆಳಕಿಗಿಂತ ವೇಗವಾಗಿ ಓಡಿ, ಸುಮಾರು 42 ಡಿಗ್ರಿ ಕೋನದಲ್ಲಿ ಚೆರೆಂಕಾಫ್ ಬೆಳಕಿನ ಶಂಕು ಬಿಡುತ್ತದೆ. ಗೋಡೆಯ ಮೇಲೆ ಅದು ಬಳೆಯಂತೆ ಬೀಳುತ್ತದೆ. ಎಂಇವಿಗೆ ಆರರಷ್ಟು ಪಿಎಂಟಿ ಮಾತ್ರ ಬೆಳಗುತ್ತವೆ, 10 ಎಂಇವಿಯ ಎಲೆಕ್ಟ್ರಾನಿಗೆ ಅರವತ್ತು.

ಇಲ್ಲೊಂದು ಲೆಕ್ಕ ತಪ್ಪಿದರೆ ಯಂತ್ರ ಸುಮ್ಮನೆ ಕೂಗುತ್ತಲೇ ಇರುತ್ತದೆ. ಬೆಳಕಿಲ್ಲದಾಗಲೂ ಒಂದೊಂದು ಪಿಎಂಟಿ ಸೆಕೆಂಡಿಗೆ ಸುಮಾರು 4,000 ಬಾರಿ ಸುಳ್ಳು ಮಿಡಿತ ಕೊಡುತ್ತದೆ ಎನ್ನಿ. 11,000 ಪಿಎಂಟಿ, 200 ನ್ಯಾನೊಸೆಕೆಂಡಿನ ಕಿಟಕಿ: ಪ್ರತಿ ಕಿಟಕಿಯಲ್ಲೂ ಒಂಬತ್ತು ಸುಳ್ಳು ಮಿಡಿತ. ಯಂತ್ರ ದಾಖಲಿಸಲು ಶುರುಮಾಡುವ ಟ್ರಿಗರ್ ಮಟ್ಟ ಇದಕ್ಕಿಂತ ಸಾಕಷ್ಟು ಮೇಲಿರಬೇಕು. ನೀರು ತಣ್ಣಗಿದ್ದಷ್ಟೂ ಪಿಎಂಟಿಗಳ ಗಲಾಟೆ ಕಡಿಮೆ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲು ಅದೂ ಒಂದು ಕಾರಣ.

ಇನ್ನೊಂದು ಕಾರಣ ರೇಡಾನ್ ಎಂಬ ವಿಕಿರಣಶೀಲ ಅನಿಲ. ಪಿಎಂಟಿ ಗಾಜಿನಿಂದ ಅದು ಸದಾ ಒಸರುತ್ತದೆ, ಅದರ ಮರಿ ಬಿಸ್ಮತ್-214ರ ಬೀಟಾ 3.27 ಎಂಇವಿವರೆಗೆ ಹೋಗುತ್ತದೆ. ನೀರು ಕದಲದೆ ನಿಂತರೆ ಅದು ಗೋಡೆಯ ಬಳಿಯೇ ಉಳಿಯುತ್ತದೆ. ಒಳಬಿಡುವ ನೀರಿನ ಉಷ್ಣತೆ ಸ್ವಲ್ಪ ಏರುಪೇರಾದರೂ ಸುಳಿ ಎದ್ದು ರೇಡಾನ್ ನಡುಮಧ್ಯಕ್ಕೆ ಬರುತ್ತದೆ. ಅದಕ್ಕೆ ಉಷ್ಣತೆಯನ್ನು ಡಿಗ್ರಿಯ ನೂರನೇ ಒಂದು ಭಾಗದ ಮಟ್ಟದಲ್ಲಿ ಹಿಡಿದಿಡುತ್ತಾರೆ. ಗೋಡೆಯಿಂದ ಎರಡು ಮೀಟರ್ ಒಳಗಿನ 22,500 ಟನ್ನನ್ನು ಮಾತ್ರ ಎಣಿಕೆಗೆ ತೆಗೆದುಕೊಳ್ಳುವುದೂ ಇದಕ್ಕೇ.

ಪಿಎಂಟಿಗಳ ಬಗ್ಗೆ ಎರಡು ಎಚ್ಚರಿಕೆ. ಭೂಮಿಯ ಕಾಂತಕ್ಷೇತ್ರ ದೊಡ್ಡ ಕೊಳವೆಯೊಳಗಿನ ಎಲೆಕ್ಟ್ರಾನ್ ದಾರಿಯನ್ನು ಬಾಗಿಸುತ್ತದೆ. ತೊಟ್ಟಿಯ ಸುತ್ತ ತಂತಿ ಸುರುಳಿ ಹಾಕಿ ಅದನ್ನು ರದ್ದು ಮಾಡಿ, ಇಲ್ಲವೇ ಪ್ರತಿ ಕೊಳವೆಗೂ ಕಾಂತಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಎಂಬ ಮಿಶ್ರಲೋಹ ತೊಡಿಸಿ. ಇನ್ನೊಂದು, ನಿರ್ವಾತದ ಗಾಜು ನೀರಿನ ಒತ್ತಡಕ್ಕೆ ಸಿಕ್ಕಿದೆ ಎಂಬುದನ್ನು ಮರೆಯಬೇಡಿ. 2001ರ ನವೆಂಬರಿನಲ್ಲಿ ಸೂಪರ್-ಕಮಿಯೋಕಾಂಡೆಗೆ ಮತ್ತೆ ನೀರು ತುಂಬುವಾಗ ಒಂದು ಪಿಎಂಟಿ ಒಳಕ್ಕೆ ಕುಸಿಯಿತು. ಅದರ ಆಘಾತದ ಅಲೆಗೆ ಪಕ್ಕದ್ದು, ಅದರಿಂದ ಅದರ ಪಕ್ಕದ್ದು, ಹೀಗೆ ಏಳು ಸಾವಿರದ ಹತ್ತಿರ ಹೋದವು. ಆಮೇಲೆ ಪ್ರತಿಯೊಂದಕ್ಕೂ ಮುಂದೆ ಅಕ್ರಿಲಿಕ್, ಹಿಂದೆ ಫೈಬರ್‌ಗ್ಲಾಸ್ ಕವಚ ಬಂತು. ಕವಚ ಹಾಕಿದರೂ ಒಂದು ಒಡೆಯಬಹುದು. ಪಕ್ಕದ್ದಕ್ಕೆ ಅಂಟಬಾರದು, ಅಷ್ಟೇ.

ಭಾರಜಲ, ಅಂದರೆ ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ ಇರುವ ನೀರು, ಸಿಕ್ಕರೆ ಅದರ ಲಾಭವೇ ಬೇರೆ. ಎಸ್‌ಎನ್‌ಒ 1,000 ಟನ್ ಭಾರಜಲವನ್ನು 12 ಮೀಟರ್ ಅಡ್ಡಗಲದ ಅಕ್ರಿಲಿಕ್ ಗೋಳದಲ್ಲಿಟ್ಟಿತ್ತು. ನ್ಯೂಟ್ರಿನೊಗಳಲ್ಲಿ ಎಲೆಕ್ಟ್ರಾನ್, ಮ್ಯೂಆನ್, ಟೌ ಎಂದು ಮೂರು ಬಗೆ; ಸೂರ್ಯನಲ್ಲಿ ಹುಟ್ಟುವುದು ಎಲೆಕ್ಟ್ರಾನ್ ಬಗೆ. ಭಾರಜಲದಲ್ಲಿ ಒಂದು ಕ್ರಿಯೆ ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೊ ಮಾತ್ರ ಎಣಿಸುತ್ತದೆ, ಡ್ಯೂಟೆರಾನ್ (ಡ್ಯೂಟೀರಿಯಂನ ಬೀಜಕೇಂದ್ರ) ಒಡೆಯುವ ಇನ್ನೊಂದು ಮೂರೂ ಬಗೆಯನ್ನು ಸಮನಾಗಿ ಎಣಿಸುತ್ತದೆ. ಅನುಪಾತ ಸುಮಾರು ಮೂರನೇ ಒಂದು ಬಂದಾಗ, ಡೇವಿಸ್‌ಗೂ ನಿರೀಕ್ಷೆಗಿಂತ ಕಡಿಮೆ ನ್ಯೂಟ್ರಿನೊ ಸಿಕ್ಕಿದ್ದಕ್ಕೆ ಕಾರಣ ದಾರಿಯಲ್ಲಿ ಬಗೆ ಬದಲಾಗಿದ್ದು ಎಂದು ತೀರ್ಮಾನವಾಯಿತು. ಕಷ್ಟ ಇದು: 2.2 ಎಂಇವಿಗಿಂತ ಹೆಚ್ಚಿನ ಯಾವ ಗಾಮಾ ಕಿರಣವೂ ಡ್ಯೂಟೆರಾನ್ ಒಡೆಯಬಲ್ಲದು, ಥೋರಿಯಂ ಸರಣಿಯ ಥ್ಯಾಲಿಯಂ-208 ಕೊಡುವುದು 2.6. ನೀರಿನಲ್ಲಿರುವ ಥೋರಿಯಂ ನ್ಯೂಟ್ರಿನೊದ ವೇಷ ಹಾಕುತ್ತದೆ. ಒಡೆದ ನ್ಯೂಟ್ರಾನನ್ನು ಚೆನ್ನಾಗಿ ಹಿಡಿಯಲು ಎರಡನೇ ಹಂತದಲ್ಲಿ ಎರಡು ಟನ್ ಉಪ್ಪು ಕರಗಿಸಿದರು. ಕ್ಲೋರಿನ್ ನ್ಯೂಟ್ರಾನ್ ನುಂಗಿ 8.6 ಎಂಇವಿಯಷ್ಟು ಗಾಮಾ ಬಿಡುತ್ತದೆ.

ಸಿಂಟಿಲೇಟರ್: ಶುಚಿಯ ಅಸಲು ಪರೀಕ್ಷೆ

ಗ್ರಾನ್ ಸಾಸೊದ ಬೊರೆಕ್ಸಿನೊ ಪ್ರಯೋಗ 2007ರಿಂದ 2021ರವರೆಗೆ ನಡೆಯಿತು: 278 ಟನ್ ಸ್ಯೂಡೋಕ್ಯೂಮೀನ್ ಎಂಬ ಇಂಗಾಲದ ದ್ರವ, ಲೀಟರಿಗೆ 1.5 ಗ್ರಾಂ ಪಿಪಿಒ ಎಂಬ ಮಿನುಗು ಪುಡಿ, ಸುತ್ತ 2,212 ಪಿಎಂಟಿ. ಎಂಇವಿಗೆ ಐನೂರರಷ್ಟು ಫೋಟೋಎಲೆಕ್ಟ್ರಾನ್ ಸಿಗುವುದರಿಂದ ಬೆರಿಲಿಯಂ ಎಟಕುತ್ತದೆ. ಕಳೆದುಕೊಳ್ಳುವುದು ದಿಕ್ಕನ್ನು, ಮಿನುಗು ಎಲ್ಲ ಕಡೆಗೂ ಹರಡುತ್ತದೆ. ಸೂರ್ಯನ ಕಡೆ ಬೆರಳು ತೋರಿಸುವ ಸೌಲಭ್ಯ ಹೋಯಿತೆಂದ ಮೇಲೆ ಕೊಳೆಗೆ ಕ್ಷಮೆಯೇ ಇಲ್ಲ.

ಎಷ್ಟು ಶುಚಿ ಬೇಕು? ಬೆರಿಲಿಯಂ ನ್ಯೂಟ್ರಿನೊ 100 ಟನ್ನಿಗೆ ದಿನಕ್ಕೆ 48. ಇದನ್ನೇ ವಿಕಿರಣದ ಭಾಷೆಯಲ್ಲಿ ಹೇಳಿದರೆ ಕಿಲೊಗೆ ಸುಮಾರು 6 ನ್ಯಾನೊ ಬೆಕ್ವೆರೆಲ್ (ಸೆಕೆಂಡಿಗೆ ಒಂದು ಕ್ಷಯವಾದರೆ ಒಂದು ಬೆಕ್ವೆರೆಲ್). ಹತ್ತಿರ ನಿಂತ ಮನುಷ್ಯನ ಮೈಯೊಳಗಿನ ಪೊಟ್ಯಾಸಿಯಂ-40 ಒಂದೇ ನಾಲ್ಕು ಸಾವಿರ ಬೆಕ್ವೆರೆಲ್ ದಾಟುತ್ತದೆ. ಯುರೇನಿಯಂ ಗ್ರಾಮಿಗೆ 10⁻¹⁸ ಗ್ರಾಂ ಮೀರಬಾರದು ಎಂದಿಟ್ಟುಕೊಳ್ಳಿ. 278 ಟನ್ನಿಗೆ ಅದು 0.28 ನ್ಯಾನೊಗ್ರಾಂ. ಮಾಮೂಲಿ ಧೂಳಿನಲ್ಲಿ ಹತ್ತು ಲಕ್ಷಕ್ಕೊಂದು ಭಾಗ ಯುರೇನಿಯಂ ಇದ್ದರೆ, ಇಡೀ ತೊಟ್ಟಿಗೆ ಬೀಳಬಹುದಾದ ಧೂಳು 0.28 ಮಿಲಿಗ್ರಾಂ. ಒಂದು ಚಿಟಿಕೆಗೂ ಎಷ್ಟೋ ಕಡಿಮೆ.

ದ್ರವವನ್ನು ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ, ಲೋಹಗಳು ತಳದಲ್ಲಿ ಉಳಿಯುತ್ತವೆ. ಅತಿಶುದ್ಧ ನೀರಿನಲ್ಲಿ ತೊಳೆದರೆ ಪೊಟ್ಯಾಸಿಯಂನಂಥ ಅಯಾನುಗಳು ನೀರಿಗೆ ಇಳಿಯುತ್ತವೆ. ಆದರೆ ಆ ನೀರಿನಲ್ಲೇ ಪೊಲೋನಿಯಂ ಇದ್ದರೆ ತೊಳೆದದ್ದೇ ಕೊಳೆ. ಕೊನೆಗೆ ಸಾರಜನಕ ಗುಳ್ಳೆ ಹಾಯಿಸಿ ರೇಡಾನ್, ಕ್ರಿಪ್ಟಾನ್-85, ಆಮ್ಲಜನಕಗಳನ್ನು ಓಡಿಸಿ. ಆಮ್ಲಜನಕ ವಿಕಿರಣ ಬೀರುವುದಿಲ್ಲ, ಆದರೆ ಮಿನುಗನ್ನು ನುಂಗುತ್ತದೆ. ಮಾಮೂಲಿ ಸಾರಜನಕದಲ್ಲಿ ಗಾಳಿಯ ಕ್ರಿಪ್ಟಾನ್, ಆರ್ಗಾನ್ ಉಳಿದಿರುತ್ತವೆ. ಅವನ್ನು ಕಡಿಮೆ ಮಾಡಿದ ಸಾರಜನಕವನ್ನೇ ತರಿಸಿ. ಪಿಪಿಒ ಪುಡಿಯನ್ನು ನೇರ ಸುರಿಯಬೇಡಿ, ಗಟ್ಟಿ ದ್ರಾವಣ ಮಾಡಿ ಅದನ್ನು ಪ್ರತ್ಯೇಕವಾಗಿ ಶುದ್ಧಿ ಮಾಡಿ ಬೆರೆಸಿ.

ಇಂಗಾಲ-14ನ್ನು ಯಾವ ಬಟ್ಟಿಯೂ ತೆಗೆಯದು, ದ್ರವವೇ ಇಂಗಾಲದ್ದು. ಕೋಟ್ಯಂತರ ವರ್ಷ ನೆಲದಡಿ ಮಲಗಿದ್ದ ಕಚ್ಚಾತೈಲದಿಂದ ಮಾಡಿದ ದ್ರವವಾದರೆ ಅದು ಬಹುಪಾಲು ಸತ್ತಿರುತ್ತದೆ. ಆದರೂ 100 ಟನ್ನಿಗೆ ಸೆಕೆಂಡಿಗೆ ನಲವತ್ತರಷ್ಟು ಉಳಿಯಿತು. ಅದರ ಬೀಟಾ 156 ಕೆಇವಿಗೆ ನಿಲ್ಲುವುದರಿಂದ ಪಿಪಿ ಅಳತೆಯನ್ನು ಅದಕ್ಕಿಂತ ಸ್ವಲ್ಪ ಮೇಲಿನಿಂದ ಶುರುಮಾಡಬೇಕು.

ಪೈಪು, ಪಾತ್ರೆಗಳ ಸರದಿ. ಸ್ಟೇನ್‌ಲೆಸ್ ಸ್ಟೀಲನ್ನು ಆಮ್ಲದಲ್ಲಿ ತೊಳೆದು, ಪ್ಯಾಸಿವೇಟ್ ಮಾಡಿ, ಒಳಮೈ ಎಲೆಕ್ಟ್ರೊಪಾಲಿಶ್ ಮಾಡಿಸಿ. ಟಿಗ್ ವೆಲ್ಡಿಂಗಿಗೆ ಥೋರಿಯಂ ಬೆರೆತ ಟಂಗ್‌ಸ್ಟನ್ ಕಡ್ಡಿ ಬಳಸಲೇಬೇಡಿ. ಸೀರಿಯಂ ಅಥವಾ ಲ್ಯಾಂಥನಂ ಬೆರೆತದ್ದು ತರಿಸಿ, ವೆಲ್ಡರನ ಪೆಟ್ಟಿಗೆಯನ್ನು ಖುದ್ದು ನೋಡಿ. ಗಾಳಿಗೆ ಬಿಟ್ಟ ಮೈಮೇಲೆ ರೇಡಾನಿನ ಮರಿಗಳು ಕೂತು ಸೀಸ-210 ಆಗುತ್ತವೆ, ಅದರ ಅರ್ಧಾಯುಷ್ಯ 22 ವರ್ಷ. ಇವತ್ತು ಮುಚ್ಚಳ ಹಾಕಲು ಮರೆತದ್ದು ಪ್ರಯೋಗ ಮುಗಿಯುವವರೆಗೂ ಬಿಸ್ಮತ್-210, ಪೊಲೋನಿಯಂ-210 ಆಗಿ ಕಾಡುತ್ತದೆ.

ದ್ರವ ಹಿಡಿದ ಚೀಲವನ್ನು ಹತ್ತಿರದಿಂದ ನೋಡಿ. ನೈಲಾನ್ ಹಾಳೆ, ದಪ್ಪ 125 ಮೈಕ್ರಾನ್, ಅಡ್ಡಗಲ 8.5 ಮೀಟರ್. ಒಣಗಿದರೆ ಸೀಳುತ್ತದೆ, ಆದ್ದರಿಂದ ತುಂಬುವವರೆಗೂ ತೇವ ಬೇಕು. ಒಳಗಿನ ದ್ರವ, ಹೊರಗಿನ ತಡೆದ್ರವ ಎರಡೂ ಸ್ಯೂಡೋಕ್ಯೂಮೀನೇ. ಹೊರಗಿನದರಲ್ಲಿ ಮಿನುಗು ಅಡಗಿಸಲು ಡಿಎಂಪಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಅದರಿಂದ ಹೊರಗಿನದು ತುಸು ಭಾರ, ಒಳಗಿನದು ತೇಲಲು ನೋಡುತ್ತದೆ, ಚೀಲ ಎಳೆಯಲ್ಪಡುತ್ತದೆ. 2008ರಲ್ಲಿ ಚೀಲ ಸೋರತೊಡಗಿದಾಗ ಡಿಎಂಪಿಯನ್ನು ಲೀಟರಿಗೆ 5 ಗ್ರಾಮಿನಿಂದ ಅರ್ಧಕ್ಕೂ ಕಡಿಮೆ ಮಾಡಿ ಸಾಂದ್ರತೆಯ ಅಂತರ ಇಳಿಸಿದರು, ಸೋರಿಕೆ ತಗ್ಗಿತು. ಡಿಎಂಪಿ ಎಷ್ಟು ಬೇಕೋ ಅದಕ್ಕಿಂತ ಒಂದು ಗ್ರಾಂ ಜಾಸ್ತಿ ಹಾಕಬೇಡಿ.

ತುಂಬಿದ ಮೇಲೆ ಕೊಳೆ ಅಳೆಯುವ ಸುಲಭ ದಾರಿ ಜೋಡಿ ಮಿಂಚು. ಬಿಸ್ಮತ್-214ರ ಬೀಟಾ, ಅದರ ಹಿಂದೆ 164 ಮೈಕ್ರೊಸೆಕೆಂಡ್ ಅರ್ಧಾಯುಷ್ಯದ ಪೊಲೋನಿಯಂ-214ರ ಆಲ್ಫಾ. ಒಂದೇ ಜಾಗದಲ್ಲಿ ಇಂಥ ಜೋಡಿ ಕಂಡರೆ ಅದು ಯುರೇನಿಯಂ ಸರಣಿ ಅಥವಾ ಹೊಸದಾಗಿ ನುಗ್ಗಿದ ರೇಡಾನ್. ನಾಲ್ಕು ದಿನಕ್ಕೊಮ್ಮೆ ಅರ್ಧವಾಗುತ್ತ ಹೋದರೆ ರೇಡಾನ್, ಎಲ್ಲೋ ವಾಲ್ವ್ ಗಾಳಿ ಎಳೆದಿದೆ. ಇಳಿಯದಿದ್ದರೆ ಯುರೇನಿಯಂ ಸರಣಿಯೇ ಒಳಗಿದೆ, ಇಲ್ಲವೇ ಸೋರಿಕೆ ನಿಂತಿಲ್ಲ. ಪೊಲೋನಿಯಂ-210ರ 5.3 ಎಂಇವಿ ಆಲ್ಫಾ ಮಾತ್ರ ಮೋಸಗಾರ. ದ್ರವದಲ್ಲಿ ಅದರ ಬೆಳಕು ಅಡಗಿ ಅರ್ಧ ಎಂಇವಿಗಿಂತ ಕೆಳಗೆ, ಬೆರಿಲಿಯಂ ಇರುವ ಕಡೆಯೇ ಬಂದು ಕೂರುತ್ತದೆ. ಆಲ್ಫಾ ಮಿನುಗಿನ ಬಾಲ ಉದ್ದ. ಸಂಕೇತದ ಆಕಾರ ನೋಡಿ ಬೇರ್ಪಡಿಸಿ.

ಸಿಎನ್‌ಒ ಹಿಡಿಯಲು ಇಷ್ಟೂ ಸಾಲಲಿಲ್ಲ. ಬಿಸ್ಮತ್-210ರ ಬೀಟಾ ಹೆಚ್ಚುಕಡಿಮೆ ಸಿಎನ್‌ಒ ಆಕಾರದ್ದೇ. ಅದನ್ನು ಪೊಲೋನಿಯಂ ಎಣಿಸಿ ತಿಳಿಯಬೇಕು, ಆದರೆ ದ್ರವದ ಸುಳಿ ಚೀಲದ ಮೈಯಿಂದ ಪೊಲೋನಿಯಂ ತರುತ್ತಿತ್ತು. ಇಡೀ ತೊಟ್ಟಿಗೆ ಹೊರಗಿನಿಂದ ಶಾಖನಿರೋಧಕ ಕಂಬಳಿ ಹೊದಿಸಿ, ಉಷ್ಣತೆಯನ್ನು ಮೇಲೆ ಬೆಚ್ಚಗೆ ಕೆಳಗೆ ತಣ್ಣಗೆ ಎಂದು ಸ್ಥಿರಗೊಳಿಸಿದ ಮೇಲೆ ದ್ರವ ನಿಂತಿತು. ಫಲಿತಾಂಶ 2020ರಲ್ಲಿ ಬಂತು.

ಸಿಕ್ಕಿದ್ದು ಸೂರ್ಯನದೇ ಎಂದು ನೋಡುವುದು

ನೀರಿನ ತೊಟ್ಟಿಯಾದರೆ ಪ್ರತಿ ಎಲೆಕ್ಟ್ರಾನಿನ ದಿಕ್ಕಿಗೂ ಆ ಕ್ಷಣದ ಸೂರ್ಯನ ದಿಕ್ಕಿಗೂ ನಡುವಿನ ಕೋನ ತೆಗೆದು ನಕ್ಷೆ ಬರೆಯಿರಿ. ಕೊಳೆ ಸಮತಟ್ಟಾಗಿ ಹರಡುತ್ತದೆ, ಸೂರ್ಯನ ಕಡೆ ಗುಡ್ಡ ಏಳುತ್ತದೆ. ಗಡಿಯಾರದ ತಪ್ಪಿನಿಂದ ಸೂರ್ಯನ ಸ್ಥಾನ ತಪ್ಪಿದರೆ ಗುಡ್ಡ ಕರಗಿಹೋಗುತ್ತದೆ, ಆದ್ದರಿಂದ ಸಮಯವನ್ನು ಜಿಪಿಎಸ್‌ನಿಂದಲೇ ತೆಗೆದುಕೊಳ್ಳಿ.

ಸಿಂಟಿಲೇಟರಿಗೆ ಈ ಸೌಲಭ್ಯವಿಲ್ಲ, ವರ್ಷದ ಏರಿಳಿತವೇ ಗತಿ. ಭೂಮಿ ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಹತ್ತಿರ, ಜುಲೈ ಮೊದಲ ವಾರದಲ್ಲಿ ದೂರ. ನ್ಯೂಟ್ರಿನೊ ಎಣಿಕೆ ಸರಾಸರಿಯಿಂದ ಶೇ 3.3 ಮೇಲೆ ಕೆಳಗೆ ಹೋಗಬೇಕು, ಅದು ಕಾಣಲು ಹಲವು ವರ್ಷದ ದತ್ತಾಂಶ ಬೇಕು. ಮ್ಯೂಆನ್‌ಗಳ ಏರಿಳಿತ ಇದಕ್ಕೆ ಉಲ್ಟಾ. ಬೇಸಿಗೆಯಲ್ಲಿ ಮೇಲಿನ ವಾತಾವರಣ ಹಿಗ್ಗಿ ತೆಳುವಾಗುತ್ತದೆ, ಕಾಸ್ಮಿಕ್ ಕಿರಣಗಳಿಂದ ಅಲ್ಲಿ ಹುಟ್ಟಿದ ಪಯಾನ್ ಎಂಬ ಕಣಗಳು ಯಾವುದಕ್ಕೂ ಡಿಕ್ಕಿಯಾಗುವ ಮೊದಲೇ ಕ್ಷಯಿಸಿ ಮ್ಯೂಆನ್ ಆಗುತ್ತವೆ. ಗ್ರಾನ್ ಸಾಸೊದಲ್ಲಿ ಅವು ಜೂನ್ ಕೊನೆಯ ಹೊತ್ತಿಗೆ ಶೇ 1.3ರಷ್ಟು ಹೆಚ್ಚಿರುತ್ತವೆ. ಉತ್ತರಾರ್ಧಗೋಳದಲ್ಲಿರುವ ನಿಮ್ಮ ತೊಟ್ಟಿಯ ಎಣಿಕೆಯ ಶಿಖರ ಜನವರಿಯ ಬದಲು ಜೂನಿನಲ್ಲಿ ಬಂದರೆ ವಿಶ್ಲೇಷಣೆ ಅಲ್ಲಿಗೆ ನಿಲ್ಲಿಸಿ, ಮ್ಯೂಆನ್ ಹಾದದ್ದನ್ನು ಗುರುತಿಸಿ ಎಣಿಕೆಯಿಂದ ತೆಗೆಯಲು ಇಟ್ಟ ಪಿಎಂಟಿಗಳಲ್ಲಿ ಯಾವುದು ಸತ್ತಿದೆ ಎಂದು ಹುಡುಕಲು ಶುರುಮಾಡಿ.